ಮನೆಗೊಂದು ಪುಟ್ಟ ಕ್ಯಾಮರಾ: ಕೊಳ್ಳುವ ಮುನ್ನ ಅರಿಯಬೇಕಾದುದು

ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿರುವ ಹಿರಿಯರ ಭಾವಚಿತ್ರಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಜ್ಜನದು ಒಂದು, ಅಜ್ಜಿಯದು ಒಂದು. ಇಡೀ ಬಾಳಿಗೆ ಬಹುಶಃ ಅಷ್ಟೇ. ಪೇಟೆಯ ಸ್ಟುಡಿಯೋಕ್ಕೆ ಹೋಗಿ, ಉಸಿರು ಬಿಗಿಹಿಡಿದು ಕುಳಿತು ತೆಗೆಸಿಕೊಂಡ ಆ ಒಂದು ಚಿತ್ರಕ್ಕೆ ಮಕ್ಕಳು ಕಟ್ಟು ಹಾಕಿಸಿ, ಗಾಜು ಕೂಡಿಸಿ ಕಾಪಾಡಿದರು. ಇಂದು ಒಂದು ತೊಟ್ಟಿಲ ಕಾರ್ಯಕ್ಕೇ ಮುನ್ನೂರು ಚಿತ್ರಗಳನ್ನು ತೆಗೆಯುತ್ತೇವೆ. ಮೊಬೈಲು ಕೆಟ್ಟ ದಿನ ಮುನ್ನೂರೂ ಹೋಗುತ್ತವೆ. ಚಿತ್ರಗಳು ಹೆಚ್ಚಾದವು, ನೆನಪು ಉಳಿಯಲಿಲ್ಲ ಎನ್ನುವ ಸ್ಥಿತಿ ನಮ್ಮದು.

ಚಿತ್ರದ ಬೆಲೆ ಕಳೆದುಕೊಂಡ ಮೇಲೆಯೇ ತಿಳಿಯುತ್ತದೆ. 2017ರ ಫೆಬ್ರವರಿ 21ರಂದು ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವದಲ್ಲಿ ತೇರು ಉರುಳಿಬಿದ್ದುದನ್ನು ಈ ಭಾಗದ ಭಕ್ತರು ಮರೆತಿಲ್ಲ. ಆ ತೇರು ನಿಂತಿದ್ದ ಭವ್ಯತೆಯನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂದರೆ ಹಿಂದಿನ ವರ್ಷಗಳಲ್ಲಿ ಯಾರೋ ತೆಗೆದಿಟ್ಟ ಚಿತ್ರಗಳೇ ಆಧಾರ. ಆದುದರಿಂದ ಮನೆಯಲ್ಲಿ ಒಂದು ಪುಟ್ಟ ಡಿಜಿಟಲ್ ಕ್ಯಾಮರಾ ಇರಲಿ ಎಂದು ಬಯಸುವುದು ಬರಿಯ ಶೋಕಿಯಲ್ಲ. ಆದರೆ ಕೊಳ್ಳುವಾಗ ವಿವೇಕ ಬೇಕು.

ಮಾರುಕಟ್ಟೆಯ ಸ್ಥಿತಿ

1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮರಾವನ್ನು ಜೋಡಿಸಿದರು. ಅದರ ಚಿತ್ರದಲ್ಲಿ ಇದ್ದುದು ಕೇವಲ 10 ಸಾವಿರ ಬಿಂದುಗಳು. ಒಂದು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಮುಂದೆ ಈ ಯಂತ್ರ ಮನೆಮನೆಗೂ ಬಂದಿತು. 2010ರಲ್ಲಿ ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮರಾಗಳು ಕಾರ್ಖಾನೆಗಳಿಂದ ಹೊರಬಿದ್ದವು. ಅವುಗಳಲ್ಲಿ ಬಹುಪಾಲು ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮರಾಗಳೇ. ಮೊಬೈಲಿನ ಹೊಡೆತಕ್ಕೆ ಸಿಕ್ಕಿ 2023ರ ಹೊತ್ತಿಗೆ ಈ ಬಗೆಯ ಕ್ಯಾಮರಾಗಳ ಸಂಖ್ಯೆ ಸುಮಾರು 17 ಲಕ್ಷಕ್ಕೆ ಇಳಿಯಿತು.

ಇದರ ಪರಿಣಾಮ ಗ್ರಾಹಕನ ಮೇಲೆ ನೇರವಾಗಿ ಆಗಿದೆ. ಹೆಸರಾಂತ ಸಂಸ್ಥೆಗಳು ಅಗ್ಗದ ಮಾದರಿಗಳನ್ನು ಒಂದೊಂದಾಗಿ ನಿಲ್ಲಿಸಿದವು. ತೆರವಾದ ಜಾಗಕ್ಕೆ ಎರಡು ಬಗೆಯ ಸರಕು ಬಂದಿದೆ: ಒಂದು, ಬಳಸಿದ ಹಳೆಯ ಕ್ಯಾಮರಾಗಳು, ಇನ್ನೊಂದು, ದೊಡ್ಡ ದೊಡ್ಡ ಅಂಕಿಗಳನ್ನು ಡಬ್ಬಿಯ ಮೇಲೆ ಮುದ್ರಿಸಿದ ಆಟಿಕೆಯಂಥ ಕ್ಯಾಮರಾಗಳು.

ಅಂಕಿಗೆ ಮರುಳಾಗಬೇಡಿ

‘48 ಮೆಗಾಪಿಕ್ಸೆಲ್’ ಎಂಬ ಬರಹ ಕಂಡೊಡನೆ ಮನಸ್ಸು ಹಿಗ್ಗುವುದು ಸಹಜ. ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಬಿಂದುಗಳು. ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚುಕಟ್ಟಾಗಿ ಮುದ್ರಿಸಿದರೂ, ಆಲ್ಬಮ್ಮಿನ 4×6 ಅಂಗುಲದ ಚಿತ್ರಕ್ಕೆ ಸುಮಾರು 22 ಲಕ್ಷ ಬಿಂದುಗಳು ಸಾಕು. ಗೋಡೆಗೆ ಹಾಕುವ 8×12 ಅಂಗುಲದ ಚಿತ್ರಕ್ಕೆ ಸುಮಾರು 86 ಲಕ್ಷ. ಅಂದರೆ 10 ಅಥವಾ 12 ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮರಾ ಒಂದು ಸಂಸಾರದ ಅಗತ್ಯಕ್ಕೆ ಧಾರಾಳವಾಯಿತು.

ನಿಜವಾಗಿ ನೋಡಬೇಕಾದುದು ಬೆಳಕನ್ನು ಹಿಡಿಯುವ ಸೆನ್ಸರಿನ ಅಳತೆ. ಅಗ್ಗದ ಕ್ಯಾಮರಾಗಳಲ್ಲಿ ಸಾಮಾನ್ಯವಾದ ಸೆನ್ಸರಿನ ಅಳತೆ ಸುಮಾರು 6.2×4.6 ಮಿಲಿಮೀಟರ್. ‘ಒಂದು ಅಂಗುಲ’ ಎಂದು ಕರೆಯುವ ಸೆನ್ಸರಿನ ಅಳತೆ 13.2×8.8 ಮಿಲಿಮೀಟರ್, ವಿಸ್ತಾರದಲ್ಲಿ ನಾಲ್ಕು ಪಟ್ಟು. ಮಳೆಗೆ ಇಟ್ಟ ಬಟ್ಟಲಿಗಿಂತ ಪರಾತದಲ್ಲಿ ಹೆಚ್ಚು ನೀರು ತುಂಬುವಂತೆ ದೊಡ್ಡ ಸೆನ್ಸರಿನಲ್ಲಿ ಹೆಚ್ಚು ಬೆಳಕು ಸೇರುತ್ತದೆ. ಸಂಜೆಯ ಚಿತ್ರ ಕಾಳುಕಾಳಾಗದೆ ತಿಳಿಯಾಗಿ ಬರುತ್ತದೆ.

ಲೆನ್ಸಿನ ಸುತ್ತ ಬರೆದ ಅಂಕಿಗಳೂ ಸತ್ಯವನ್ನು ಹೇಳುತ್ತವೆ. ‘4.3–21.5 ಮಿ.ಮೀ.’ ಎಂದಿದ್ದರೆ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿರಿ. ಐದು ಪಟ್ಟು ನಿಜವಾದ ಆಪ್ಟಿಕಲ್ ಜೂಮ್ ಇದೆಯೆಂದು ತಿಳಿಯುತ್ತದೆ. ಇಂಥ ಜೋಡಿ ಅಂಕಿಯೇ ಇಲ್ಲದೆ ಡಬ್ಬಿಯ ಮೇಲೆ ‘16 ಪಟ್ಟು ಡಿಜಿಟಲ್ ಜೂಮ್’ ಎಂದಿದ್ದರೆ, ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಉಪಾಯ ಮಾತ್ರ. ಜೊತೆಗೆ ‘1:2.0’ ಅಥವಾ ‘1:4.0’ ಎಂಬಂಥ ಇನ್ನೊಂದು ಅಂಕಿ ಇರುತ್ತದೆ. ಇದು ಚಿಕ್ಕದಾದಷ್ಟೂ ಒಳ್ಳೆಯದು. 4ಕ್ಕಿಂತ 2 ಇರುವ ಲೆನ್ಸು ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ.

ನಮ್ಮ ನೆಲ, ನಮ್ಮ ಬೆಳಕು

ಕ್ಯಾಮರಾವನ್ನು ಆರಿಸುವಾಗ ನಮ್ಮ ಐದು ತಾಲ್ಲೂಕುಗಳ ಬದುಕನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಕಾರಣಿಕ ನುಡಿಯುವುದು ಇಳಿಹೊತ್ತಿನಲ್ಲಿ. ಭಕ್ತರು ನಿಂತಿರುವುದು ದೂರದಲ್ಲಿ. ಅಲ್ಲಿ ಆಪ್ಟಿಕಲ್ ಜೂಮ್ ಬೇಕು. ಆದರೆ ಪುಟ್ಟ ಕ್ಯಾಮರಾಗಳಲ್ಲಿ ಜೂಮ್ ಎಳೆದಷ್ಟೂ ಒಳಬರುವ ಬೆಳಕು ಕುಗ್ಗುತ್ತದೆಂಬುದು ನೆನಪಿರಲಿ. ತೇರುಬೀದಿಯ ಜನಸಂದಣಿಯಲ್ಲಿ ಹಿಂದೆ ಸರಿಯಲು ಎಡೆಯಿರದು. ಅಲ್ಲಿಗೆ 24 ಅಥವಾ 28 ಮಿಲಿಮೀಟರಿಗೆ ಸಮನಾದ ಅಗಲ ನೋಟದ ಲೆನ್ಸು ಒದಗುತ್ತದೆ. ಮನೆಯ ಸಣ್ಣ ಕೋಣೆಯಲ್ಲಿ ಇಡೀ ಕುಟುಂಬವನ್ನು ಕೂಡಿಸಲೂ ಅದೇ ಬೇಕು.

ಹರಪನಹಳ್ಳಿ ಬಳಿಯ ಬಾಗಳಿ ಕಲ್ಲೇಶ್ವರ, ಹಡಗಲಿ ಸೀಮೆಯ ಕುರುವತ್ತಿ ಮಲ್ಲಿಕಾರ್ಜುನ ದೇವಾಲಯಗಳು ಚಾಲುಕ್ಯರ ಕಾಲದ ಶಿಲ್ಪಭಂಡಾರಗಳು. ಹೊರಗೆ ಸುಡುವ ಬಿಸಿಲು, ಕಂಬಗಳ ನಡುವೆ ಅರೆಗತ್ತಲು. ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿ ಸ್ಟ್ಯಾಂಡು ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಆದುದರಿಂದ ಕೈನಡುಕವನ್ನು ತಡೆಯುವ ಸ್ಟೆಬಿಲೈಸರ್ ಇರುವ ಕ್ಯಾಮರಾ ಉತ್ತಮ. ಹಡಗಲಿ ಮಲ್ಲಿಗೆಯ ಮೊಗ್ಗನ್ನು ಹಸಿರೆಲೆಯ ನಡುವೆ ಸೆರೆಹಿಡಿದಾಗ ಬಿಳಿ ಬಣ್ಣ ಬಿಳುಚಿ ಎಸಳು ಕಾಣದಾಗುತ್ತದೆ. ಬೆಳಕನ್ನು ಒಂದು ಮೆಟ್ಟಿಲು ತಗ್ಗಿಸುವ ಸೌಲಭ್ಯವಿದ್ದರೆ ಎಸಳೆಸಳೂ ಮೂಡುತ್ತದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಯ ಹಕ್ಕಿಗಳಿಗೆಂದು ಪುಟ್ಟ ಕ್ಯಾಮರಾ ಕೊಂಡರೆ ನಿರಾಶೆ ಖಂಡಿತ. ಅದಕ್ಕೆ ಉದ್ದ ಲೆನ್ಸಿನ ದೊಡ್ಡ ಕ್ಯಾಮರಾವೇ ಬೇಕು. ಇನ್ನು ಕೂಡ್ಲಿಗಿ ಕಡೆಯ ಶೇಂಗಾ ಕಣದ ಧೂಳು ಲೆನ್ಸಿನ ಸಂದಿಯೊಳಗೆ ಸೇರಿದರೆ ತೆಗೆಯುವುದು ಕಷ್ಟ. ಕ್ಯಾಮರಾದೊಂದಿಗೆ ಒಂದು ಮುಚ್ಚುಚೀಲವನ್ನೂ ಕೊಳ್ಳಿರಿ; ಅದನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಟ್ಟುಬರಬೇಡಿರಿ.

ಮೊಬೈಲು ಸಾಲದೇ?

ಇತ್ತೀಚಿನ ಒಳ್ಳೆಯ ಮೊಬೈಲು ಮನೆಯಲ್ಲಿದ್ದರೆ, ಮಬ್ಬುಬೆಳಕಿನಲ್ಲಿ ಸಣ್ಣ ಸೆನ್ಸರಿನ ಅಗ್ಗದ ಕ್ಯಾಮರಾ ಅದನ್ನು ಮೀರಿಸಲಾರದು. ಕ್ಯಾಮರಾ ಮೇಲುಗೈ ಸಾಧಿಸುವುದು ಆಪ್ಟಿಕಲ್ ಜೂಮಿನಲ್ಲಿ, ಪ್ರಬಲವಾದ ಫ್ಲ್ಯಾಷಿನಲ್ಲಿ. ಎಲ್ಲಕ್ಕಿಂತ ಮಿಗಿಲಾಗಿ, ಅದು ಒಬ್ಬರ ಜೇಬಿನ ವಸ್ತುವಾಗದೆ ಮನೆಯ ವಸ್ತುವಾಗಿರುವುದರಲ್ಲಿ. ಅಜ್ಜಿಯೂ ಮೊಮ್ಮಗಳೂ ಒಂದೇ ಗುಂಡಿ ಒತ್ತಿ ಚಿತ್ರ ತೆಗೆಯಬಹುದು. ಈ ಮೂರೂ ಬೇಡವಾದವರು ಹಣ ಉಳಿಸುವುದೇ ಜಾಣತನ.

ಬಳಸಿದ್ದನ್ನು ಕೊಳ್ಳುವಾಗ

ಬಳಸಿದ ಕ್ಯಾಮರಾವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸದೆ ಹಣ ಕೊಡಬಾರದು. ಲೆನ್ಸು ಸದ್ದಿಲ್ಲದೆ ಚಾಚಿ ಮಡಚಿಕೊಳ್ಳಬೇಕು. ಬಿಳಿಯ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ಒಳಗಿನ ಧೂಳಿನ ಕಲೆಗಳು ಕಾಣುತ್ತವೆ. ಬ್ಯಾಟರಿ ಉಬ್ಬಿರಬಾರದು, ಅದೇ ಮಾದರಿಯ ಹೊಸ ಬ್ಯಾಟರಿ ದೊರೆಯುವುದೇ ಎಂದು ಮೊದಲೇ ವಿಚಾರಿಸಬೇಕು. ಕೆಲವು ಹಳೆಯ ಕ್ಯಾಮರಾಗಳು ಎಕ್ಸ್‌ಡಿ ಕಾರ್ಡು, ಮೆಮೊರಿ ಸ್ಟಿಕ್ ಮುಂತಾದ ಅಪರೂಪದ ಕಾರ್ಡುಗಳನ್ನು ಬೇಡುತ್ತವೆ. ಎಸ್‌ಡಿ ಕಾರ್ಡು ಹಿಡಿಯುವ ಮಾದರಿಯೇ ಕ್ಷೇಮ. ತೀರ ಹಳೆಯವು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದಲಾರವು. ಕ್ಯಾಮರಾದ ಬೆಲೆಗೆ ಕಾರ್ಡು, ಚಾರ್ಜರು, ಹೆಚ್ಚುವರಿ ಬ್ಯಾಟರಿಗಳ ಬೆಲೆಯನ್ನು ಕೂಡಿಸಿ ಲೆಕ್ಕ ಹಾಕಿದಾಗಲೇ ಅದು ಅಗ್ಗವೋ ತುಟ್ಟಿಯೋ ತಿಳಿಯುವುದು.

ಉಳಿಸುವುದೇ ಮುಖ್ಯ

ಕ್ಯಾಮರಾ ಮನೆಗೆ ಬಂದ ದಿನವೇ ಅದರೊಳಗಿನ ದಿನಾಂಕವನ್ನು ಸರಿಪಡಿಸಿರಿ. ಹತ್ತು ವರ್ಷದ ನಂತರ ಅದೇ ಸಾಕ್ಷಿಯಾಗುತ್ತದೆ. ಪ್ರತಿ ಸಮಾರಂಭದ ಬಳಿಕ ಚಿತ್ರಗಳನ್ನು ಎರಡು ಕಡೆ ನಕಲು ಮಾಡಿರಿ. ಒಂದು ನಕಲು ಊರ ಹೊರಗಿನ ಬಂಧುಗಳ ಮನೆಯಲ್ಲಿರಲಿ. ವಾಟ್ಸಾಪಿನಲ್ಲಿ ಚಿತ್ರವಾಗಿಯೇ ಕಳುಹಿಸಿದರೆ ಅದು ಕುಗ್ಗುವುದರಿಂದ ಅದನ್ನೇ ಮೂಲ ಪ್ರತಿಯೆಂದು ನಂಬಬೇಡಿರಿ. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಹೆಸರು, ಊರು, ತಿಥಿಗಳನ್ನು ಬರೆದಿಡಿರಿ. ಹೆಸರಿಲ್ಲದ ಮುಖ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಪರಿಚಿತವಾಗುತ್ತದೆ.

ನಮ್ಮ ಹಿರಿಯರು ಒಂದೇ ಚಿತ್ರವನ್ನು ಉಳಿಸಿಕೊಂಡರು, ಆದರೆ ಅದರಲ್ಲಿರುವವರ ಹೆಸರನ್ನು ಮನೆಯ ಪ್ರತಿ ಮಗುವೂ ಬಲ್ಲದಾಗಿತ್ತು. ಅಂಥ ಬಾಳಿಕೆ ನಮ್ಮ ಚಿತ್ರಗಳಿಗೂ ಒದಗಲಿ.