ಅತ್ಯಾಚಾರ ಆರೋಪಿಗೂ ವಕೀಲರು ಯಾಕೆ ಬೇಕು?

ಅತ್ಯಾಚಾರದ ಸುದ್ದಿ ದೊಡ್ಡದಾದಾಗಲೆಲ್ಲ ನನ್ನ ಇನ್‌ಬಾಕ್ಸ್‌ಗೆ ಒಂದೇ ಪ್ರಶ್ನೆ ಬರುತ್ತೆ: "ಅಂಥವನ ಪರ ವಾದ ಮಾಡೋಕೆ ವಕೀಲರಿಗೆ ಮನಸ್ಸಾದ್ರೂ ಹೇಗೆ ಬರುತ್ತೆ?" ಆ ಸಿಟ್ಟು ನಂಗೂ ಗೊತ್ತು. ನಾನು ಓದಿದ್ದು ಬಿಕಾಂ, ಕಾನೂನು ಅಂದ್ರೆ ಕಾಲೇಜಲ್ಲಿ ಬರೆದ ಬಿಸಿನೆಸ್ ಲಾ ಪೇಪರ್ ಅಷ್ಟೇ. ಹಾಗಾಗಿ ಸೆಕ್ಷನ್ ಆಮೇಲೆ, ಮೊದಲು ಒಂದು ಕೇಸ್ ಹೇಳ್ತೀನಿ.

ಮಧ್ಯಪ್ರದೇಶದ ಖಂಡ್ವಾ, 2013ರ ಜನವರಿ. ಒಂಬತ್ತು ವರ್ಷದ ಬಾಲಕಿ ಮೇಲೆ ಅತ್ಯಾಚಾರ, ಕೊಲೆ. ಒಬ್ಬ ಯುವಕನ ಬಂಧನ ಆಯ್ತು. ಕಾನೂನು ನೆರವಿನಿಂದ ಅವನಿಗೊಬ್ಬ ವಕೀಲರನ್ನ ಕೊಟ್ಟಿದ್ದು ಫೆಬ್ರವರಿ 19ಕ್ಕೆ. ಕೋರ್ಟ್ ದೋಷಾರೋಪ ನಿಗದಿ ಮಾಡಿದ್ದೂ ಅದೇ ದಿನ. ಫೈಲ್ ಓದೋಕೆ, ಆರೋಪಿ ಜೊತೆ ಕೂತು ಮಾತಾಡೋಕೆ ಟೈಮೇ ಇಲ್ಲ. ಮಾರ್ಚ್ 4ಕ್ಕೆ ಗಲ್ಲು ಶಿಕ್ಷೆ! ಇಷ್ಟು ಬೇಗ ನ್ಯಾಯ ಸಿಕ್ಕರೆ ನಾವೆಲ್ಲ ಸ್ಟೇಟಸ್ ಹಾಕಿಕೊಳ್ತೀವಿ, ಅಲ್ವಾ?

2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ರದ್ದು ಮಾಡ್ತು. ಜೀವಾವಧಿ ಅಥವಾ ಗಲ್ಲು ಆಗಬಹುದಾದ ಕೇಸ್‌ನಲ್ಲಿ ಹೀಗೆ ನೇಮಕ ಆದ ವಕೀಲರಿಗೆ ತಯಾರಿಗೆ ಕನಿಷ್ಠ ಏಳು ದಿನ ಕೊಡಬೇಕು ಅಂತಲೂ ಹೇಳಿತು. ಮರುವಿಚಾರಣೆಯಲ್ಲಿ ಮತ್ತೆ ಗಲ್ಲು ಆಯ್ತು, ಹೈಕೋರ್ಟ್ ಮತ್ತೆ ವಾಪಸ್ ಕಳಿಸಿತು. ಡಿಎನ್‌ಎ ಸಾಕ್ಷ್ಯವನ್ನ ಸರಿಯಾಗಿ ಪರೀಕ್ಷೆಗೆ ಒಡ್ಡಿದ ಮೇಲೆ 2024ರಲ್ಲಿ ಖುಲಾಸೆ. ಅಷ್ಟರಲ್ಲಿ ಅವನು ಜೈಲಲ್ಲಿ 11 ವರ್ಷ ಕಳೆದಿದ್ದ. ಹಾಗಾದ್ರೆ ಆ ಮಗುವನ್ನ ಕೊಂದವರು ಯಾರು? 2013ರಲ್ಲೇ ಒಬ್ಬ ವಕೀಲರಿಗೆ ಸರಿಯಾಗಿ ಕೆಲಸ ಮಾಡೋಕೆ ಬಿಟ್ಟಿದ್ರೆ, ಈ ಪ್ರಶ್ನೆ ಆಗಲೇ ಪೊಲೀಸರ ಮುಂದೆ ಬರ್ತಿತ್ತು.

ಸಂವಿಧಾನದ 22(1)ನೇ ವಿಧಿ ಬಂಧನ ಆದ ಯಾರಿಗೇ ಆಗಲಿ, ತನ್ನಿಷ್ಟದ ವಕೀಲರನ್ನ ಇಟ್ಟುಕೊಳ್ಳೋ ಹಕ್ಕು ಕೊಟ್ಟಿದೆ. ಆದರೂ ಕೆಲವು ಊರುಗಳಲ್ಲಿ ವಕೀಲರ ಸಂಘದವರು "ಈ ಆರೋಪಿ ಪರ ಯಾರೂ ವಕಾಲತ್ತು ಹಾಕಬಾರದು" ಅಂತ ನಿರ್ಣಯ ಮಾಡ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಕೊಯಮತ್ತೂರಿನ ಒಂದು ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಇಂಥ ನಿರ್ಣಯಗಳಿಗೆ ಕಾನೂನಿನ ಬೆಲೆಯೇ ಇಲ್ಲ ಅಂದಿದೆ.

ಹಾಗಂತ ಆರೋಪಿ ಪರ ವಕೀಲರು ಏನು ಬೇಕಾದ್ರೂ ಮಾಡಬಹುದಾ? ಇಲ್ಲ. ಸಿನಿಮಾದಲ್ಲಿ ತೋರಿಸ್ತಾರಲ್ಲ, ತುಂಬಿದ ಕೋರ್ಟ್‌ನಲ್ಲಿ ಹುಡುಗಿಯನ್ನ ನಿಲ್ಲಿಸಿ "ನಿಮಗೆ ಮೊದಲು ಎಷ್ಟು ಜನ ಬಾಯ್‌ಫ್ರೆಂಡ್ಸ್ ಇದ್ರು?" ಅಂತ ಕೇಳೋದು, ಅದನ್ನ ತಲೆಯಿಂದ ತೆಗೆದುಹಾಕಿ. ಅತ್ಯಾಚಾರದ ವಿಚಾರಣೆ ನಡೆಯೋದು 'ಇನ್ ಕ್ಯಾಮೆರಾ', ಅಂದ್ರೆ ಸಾರ್ವಜನಿಕರನ್ನ ಹೊರಗಿಟ್ಟು. ವಿಡಿಯೊ ಕ್ಯಾಮೆರಾಗೂ ಇದಕ್ಕೂ ಸಂಬಂಧ ಇಲ್ಲ. ಒಪ್ಪಿಗೆ ಇತ್ತಾ ಇಲ್ವಾ ಅನ್ನೋ ವಾದದಲ್ಲಿ ಆಕೆಯ ಹಿಂದಿನ ಸಂಬಂಧಗಳು, ನಡತೆ ಲೆಕ್ಕಕ್ಕೇ ಬರಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 48ನೇ ಕಲಂ ಹೇಳೋದು ಅದನ್ನೇ. 'ಎರಡು ಬೆರಳಿನ ಪರೀಕ್ಷೆ' ಮಾಡುವವರು ದುರ್ನಡತೆಯ ತಪ್ಪಿತಸ್ಥರು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟಾದ್ರೂ ಪಾಟೀ ಸವಾಲಿನಲ್ಲಿ ಅವಮಾನದ ಪ್ರಶ್ನೆ ಬಂದರೆ ಅದನ್ನ ತಡೀಬೇಕಾದವರು ನ್ಯಾಯಾಧೀಶರು. ಎಲ್ಲರೂ ತಡೀತಾರೆ ಅಂತ ನಾನಂತೂ ಹೇಳಲ್ಲ.

ವಕೀಲರ ನಿಜವಾದ ಕೆಲಸ ಬೇರೆ ಇದೆ. ದೂರು, ಹೇಳಿಕೆ, ವೈದ್ಯಕೀಯ ವರದಿ, ಫೋನ್ ಲೊಕೇಶನ್ ಒಂದಕ್ಕೊಂದು ಹೊಂದುತ್ತಾ? ಸ್ಯಾಂಪಲ್ ಸೀಲ್ ಆಗಿ ಲ್ಯಾಬ್‌ಗೆ ಹೋಯ್ತಾ? ನಮ್ಮ ಆಡಿಟ್‌ನಲ್ಲಿ ವೋಚರ್ ನೋಡಿದ ಹಾಗೇ. ಹೀಗೆ ನೋಡಿದ ಮೇಲೂ ನಿಂತ ಕೇಸ್ ಮೇಲ್ಮನವಿಯಲ್ಲಿ ಸುಲಭಕ್ಕೆ ಬೀಳಲ್ಲ, ಅದು ಸಂತ್ರಸ್ತೆಗೂ ಒಳ್ಳೇದು.

ಪೋಕ್ಸೊದಲ್ಲಿ ಮಾತ್ರ ಲೆಕ್ಕ ಸ್ವಲ್ಪ ತಿರುಗುತ್ತೆ. 18 ತುಂಬದವರ ಒಪ್ಪಿಗೆಗೆ ಅಲ್ಲಿ ಬೆಲೆ ಇಲ್ಲ. 29ನೇ ಕಲಂ ಪ್ರಕಾರ ಗಂಭೀರ ಆರೋಪಗಳಲ್ಲಿ ಆರೋಪಿಯೇ ತಪ್ಪು ಮಾಡಿದ್ದಾನೆ ಅಂತ ಕೋರ್ಟ್ ಭಾವಿಸಬೇಕು, ಅಲ್ಲ ಅಂತ ತೋರಿಸೋ ಹೊಣೆ ಅವನದ್ದು. ಆದರೆ ಮೂಲ ಸಂಗತಿಗಳನ್ನ ಪ್ರಾಸಿಕ್ಯೂಷನ್ ಮೊದಲು ಸಾಬೀತು ಮಾಡಲೇಬೇಕು ಅಂತ ಹಲವು ಹೈಕೋರ್ಟ್‌ಗಳು ಹೇಳಿವೆ. ಇಂಥ ಕೇಸ್‌ನಲ್ಲಿ ವಕೀಲರಿಲ್ಲದೆ ನಿಂತವನ ಗತಿ ಊಹಿಸಿ.

ಇನ್ನು ನಿಮ್ಮ ಫೋನ್ ವಿಷಯ. ಸಂತ್ರಸ್ತೆಯ ಹೆಸರು ಅಥವಾ ಗುರುತು ಸಿಗೋ ಫೋಟೊ, ವಿವರ ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅಡಿ ಎರಡು ವರ್ಷದವರೆಗೆ ಜೈಲು. 'ಜಸ್ಟಿಸ್ ಫಾರ್' ಅಂತ ಹ್ಯಾಶ್‌ಟ್ಯಾಗ್ ಹಾಕಿ ಮುಂದೆ ಹೆಸರು ಬರೆಯೋರು ಇದನ್ನ ಮೊದಲು ಓದಬೇಕು.

ದುಡ್ಡಿಲ್ಲದೆ ವಕೀಲರು ಸಿಗಲ್ಲ ಅಂದ್ಕೊಂಡಿದ್ರೆ 15100ಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಉಚಿತ ನೆರವು ಹೆಣ್ಣುಮಕ್ಕಳಿಗೂ ಇದೆ, ಕಸ್ಟಡಿಯಲ್ಲಿರೋ ಆರೋಪಿಗೂ ಇದೆ.