ಒಳ್ಳೆಯದು ಮನೆಗೂ ಇರಲಿ

ನಮ್ಮ ಒಕ್ಕಲು ಮನೆಗಳಲ್ಲಿ ಹಳೆಯ ವಾಡಿಕೆಯೊಂದುಂಟು. ಗಟ್ಟಿ ಹಾಲು ಸೊಸೈಟಿಗೆ, ನೀರುಮಜ್ಜಿಗೆ ಮಕ್ಕಳಿಗೆ. ಹಸನಾದ ಬಾಳೆಗೊನೆ ಸಂತೆಗೆ, ಕಳಿತು ಕಪ್ಪಾದ ಚಿಪ್ಪು ಮನೆಗೆ. ಹೊಸ ಗುದ್ದಲಿ ಅಟ್ಟದ ಮೇಲೆ, ಸವೆದದ್ದು ದುಡಿಯುವವರ ಕೈಯಲ್ಲಿ. ಒಳ್ಳೆಯ ಸೀರೆ ಪೆಟ್ಟಿಗೆಯಲ್ಲಿ, ಹರಿದದ್ದು ಮೈಮೇಲೆ. ಇದನ್ನೇ ಮಿತವ್ಯಯವೆಂದು ತಿಳಿದಿದ್ದೇವೆ. ಲೆಕ್ಕ ಹಾಕಿ ನೋಡಿದರೆ ಇದು ನಷ್ಟದ ಬಾಬೇ ಸರಿ.

ಸೀರೆಯನ್ನೇ ತೆಗೆದುಕೊಳ್ಳೋಣ. ಕೊಯಮತ್ತೂರು ಜಿಲ್ಲೆಯಲ್ಲಿ ಸಿರುಮುಗೈ ರೇಷ್ಮೆಸೀರೆಗೂ ನೆಗಮಂ ಹತ್ತಿಸೀರೆಗೂ ಹೆಸರಾದ ಊರುಗಳು. ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳು ಈ ಸೀಮೆಯಲ್ಲಿ ತಲೆಮಾರುಗಳಿಂದ ಮಗ್ಗ ನಡೆಸಿಕೊಂಡು ಬಂದಿವೆ. ನೆಗಮಂ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಹತ್ತಿಸೀರೆ ಬೆವರು ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಅದು ನಿತ್ಯ ಉಡತಕ್ಕದ್ದು. ರೇಷ್ಮೆಯಾದರೂ ಪೆಟ್ಟಿಗೆಯಲ್ಲಿ ಸುಖವಾಗಿರುವುದಿಲ್ಲ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಆ ಗೆರೆಯಲ್ಲೇ ಜರಿ ಮುರಿದು ಬಟ್ಟೆ ಸೀಳುತ್ತದೆ. ತೇವ ತಗಲಿದರೆ ಬೆಳ್ಳಿಜರಿ ಕಪ್ಪಾಗುತ್ತದೆ. ತಾಯಿ ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದರೆ, ಆಕೆ ಒಮ್ಮೆಯೂ ಉಡದ ಸೀರೆ ಸಿಕ್ಕುವ ಮನೆಗಳು ಎಷ್ಟಿಲ್ಲ! ಆಗ ಅದನ್ನು ಯಾರಿಗೆ ಉಡಿಸೋಣ?

ತಿರುಪ್ಪೂರು ಜಿಲ್ಲೆಯ ಕಾಂಗೇಯದ ಎತ್ತನ್ನು ನೋಡಿ. ಅದಕ್ಕೆ ಕೀರ್ತಿ ಬಂದದ್ದು ಕೊಟ್ಟಿಗೆಯಲ್ಲಿ ನಿಂತು ಅಲ್ಲ. ನೇಗಿಲು, ಗಾಡಿ, ಕಪಿಲೆ ಎಳೆದು.

ಆದುದರಿಂದ ಮಾಡಬೇಕಾದದ್ದು ಇಷ್ಟು: ಹಾಲನ್ನು ಅಳೆಯಲು ಒಯ್ಯುವ ಮುನ್ನ ಮಕ್ಕಳ ಪಾಲನ್ನು ತೆಗೆದಿಡಿ. ಗೊನೆ ಕಡಿದ ದಿನ ಒಳ್ಳೆಯ ಚಿಪ್ಪೊಂದು ಮನೆಯಲ್ಲಿ ಉಳಿಯಲಿ. ಹೊಸ ಗುದ್ದಲಿಗೆ ಇಂದೇ ಕಾವು ಹಾಕಿ. ಸವೆದ ಗುದ್ದಲಿ ಹೊತ್ತನ್ನೂ ತಿನ್ನುತ್ತದೆ, ಸೊಂಟವನ್ನೂ ತಿನ್ನುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿ ಅಡಿಗೆಗೆ ಇಳಿಸಿ. ರೇಷ್ಮೆಯನ್ನು ಉಟ್ಟ ಮೇಲೆ ನೆರಳಿನಲ್ಲಿ ಆರಿಸಿ, ಮಡಿಕೆ ಬದಲಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ.

ಹಾಗಾದರೆ ಏನನ್ನೂ ಕೂಡಿಡಬಾರದೇ ಎಂದು ಕೇಳಬಹುದು. ಬಿತ್ತನೆಯ ಬೀಜವನ್ನು ಕೂಡಿಡಲೇಬೇಕು. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ತೆನೆಯನ್ನೇ ಆರಿಸಬೇಕು. ಆದರೆ ಬೀಜಕ್ಕೆ ಒಂದು ಗಡುವುಂಟು, ಮುಂದಿನ ಮಳೆ. ಆ ಹದ ತಪ್ಪಿಸಿ ವರ್ಷಗಟ್ಟಲೆ ಇಟ್ಟರೆ ಅದೂ ಮೊಳಕೆ ಕಟ್ಟುವುದಿಲ್ಲ. ಮನೆಯ ಯಾವ ಪದಾರ್ಥವನ್ನು ಎತ್ತಿಡುವಾಗಲೂ ಯಾವ ದಿನಕ್ಕೆ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕದಿದ್ದರೆ ಇಂದೇ ಬಳಸಿ.