ಓಟದ ಬಳಗಕ್ಕೆ ಸಮವಸ್ತ್ರ: ಜೈನ ಕುಟುಂಬಗಳು ಗಮನಿಸಬೇಕಾದ ಅಂಶಗಳು

ಪುತ್ತೂರು: ಜಿತೋ ಮಹಿಳಾ ವಿಭಾಗವು 2023ರ ಏಪ್ರಿಲ್ 2ರಂದು ದೇಶ-ವಿದೇಶಗಳ ಹಲವು ನಗರಗಳಲ್ಲಿ ಏಕಕಾಲಕ್ಕೆ ‘ಅಹಿಂಸಾ ರನ್’ ನಡೆಸಿತು. 3, 5 ಮತ್ತು 10 ಕಿ.ಮೀ. ಓಟದಲ್ಲಿ ಮಕ್ಕಳಿಂದ ಹಿಡಿದು ಹಿರಿಯರವರೆಗೆ ಎಲ್ಲರೂ ಒಂದೇ ಬಗೆಯ ಟೀ ಶರ್ಟ್ ತೊಟ್ಟು ಹೆಜ್ಜೆ ಹಾಕಿದರು. ಇಂಥ ಓಟಕ್ಕೆಂದೋ ಆರೋಗ್ಯಕ್ಕೆಂದೋ ದರ್ಬೆಯಂಥ ಊರಿನಲ್ಲಿ ಹತ್ತು-ಹದಿನೈದು ಮನೆಯವರು ಸೇರಿ ಬಳಗ ಕಟ್ಟಿದರೆ ಮೊದಲು ಬರುವ ಪ್ರಶ್ನೆ ಸಮವಸ್ತ್ರದ್ದು. ಬಣ್ಣ ಯಾವುದು, ದರ ಎಷ್ಟು ಎಂಬಲ್ಲಿಗೆ ಮಾತು ಮುಗಿಯಬಾರದು. ಬಟ್ಟೆ ಯಾವುದರಿಂದ ಆಗಿದೆ, ಅದರ ಮೇಲೆ ಏನು ಮುದ್ರಿಸಬೇಕು ಎಂಬುದು ಶ್ರಾವಕರಿಗೆ ಅಷ್ಟೇ ಮುಖ್ಯ.

ಕರಾವಳಿಯ ಸೆಕೆಗೆ ಯಾವ ಬಟ್ಟೆ?

ಹತ್ತಿ ಬಟ್ಟೆ ನಮ್ಮ ಸೆಕೆಗೆ ಹಿತ ಎಂಬುದು ನಿಜ. ಆದರೆ ಅದು ನಡೆಯುವವರಿಗೆ ಮಾತ್ರ. ಸಾಮಾನ್ಯ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಸುಮಾರು ಶೇ. 8.5ರಷ್ಟು ತೇವ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು. ಅರ್ಧ ಗಂಟೆ ಓಡಿದವರ ಹತ್ತಿ ಶರ್ಟ್ ಬೆವರಿನಿಂದ ಭಾರವಾಗಿ ಮೈಗೆ ಅಂಟುತ್ತದೆ, ಕಂಕುಳಲ್ಲಿ ಉಜ್ಜಿ ಚರ್ಮ ಕೆಂಪಾಗುತ್ತದೆ. ಓಡುವವರಿಗೆ 130ರಿಂದ 160 ಜಿಎಸ್‌ಎಂ ತೂಕದ ಸಣ್ಣ ರಂಧ್ರಗಳ ಪಾಲಿಯೆಸ್ಟರ್ ಬಟ್ಟೆ ಸರಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ. ಬರೇ ನಡಿಗೆಗೆ ಬರುವ ಹಿರಿಯರಿಗೆ ಅದೇ ಬಣ್ಣದ ಹತ್ತಿ ಶರ್ಟ್ ಮಾಡಿಸಿದರೆ ಅಡ್ಡಿಯಿಲ್ಲ.

ಮಳೆಗಾಲದಲ್ಲಿ ಹತ್ತಿ ಬಟ್ಟೆ ಒಣಗಲು ಎರಡು ದಿನ ಬೇಕು, ಪಾಲಿಯೆಸ್ಟರ್ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ. ದಿನವೂ ಓಡುವ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಅಹಿಂಸೆಯ ದೃಷ್ಟಿಯಿಂದ

ಓಟದ ಶೂಗಳ ಮೇಲ್ಭಾಗ ಬಹುತೇಕ ಬಟ್ಟೆಯ ಜಾಲರಿಯಿಂದಲೇ ಆಗಿರುತ್ತದೆ. ಆದರೂ ಕೆಲವು ಮಾದರಿಗಳಲ್ಲಿ ತುದಿಗೆ, ಹಿಮ್ಮಡಿಗೆ ಚರ್ಮದ ತುಂಡು ಸೇರಿರುತ್ತದೆ. ‘ಸ್ಯೂಡ್’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಚರ್ಮವೇ. ಯುರೋಪಿನ ನಿಯಮದಂತೆ ತಯಾರಾದ ಶೂಗಳ ಒಳಗೆ ಅಥವಾ ಪೆಟ್ಟಿಗೆಯ ಮೇಲೆ ಪುಟ್ಟ ಚಿತ್ರಗಳಿರುತ್ತವೆ. ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ಅದರ ನಡುವೆ ವಜ್ರಾಕೃತಿ ಇದ್ದರೆ ಲೇಪ ಬಳಿದ ಚರ್ಮ, ಹೆಣೆದ ಜಾಲರಿಯಿದ್ದರೆ ಬಟ್ಟೆ, ಬರೇ ವಜ್ರಾಕೃತಿಯಿದ್ದರೆ ಇತರ ವಸ್ತು. ಶೂ ಕೊಳ್ಳುವಾಗ ಮಕ್ಕಳಿಗೂ ಇದನ್ನು ತೋರಿಸಿಕೊಡಬಹುದು.

ಅಂಟಿನ ವಿಷಯ ಹೊರಗೆ ಕಾಣುವುದಿಲ್ಲ. ಪ್ರಾಣಿಜನ್ಯ ಅಂಟು ಬಳಸಿಲ್ಲವೇ ಎಂದು ತಿಳಿಯಬೇಕಾದರೆ ಕಂಪೆನಿಯನ್ನೇ ಕೇಳಬೇಕು, ಇಲ್ಲವೇ ‘ವೀಗನ್’ ಎಂದು ಸ್ಪಷ್ಟವಾಗಿ ನಮೂದಿಸಿದ ಮಾದರಿ ಆರಿಸಬೇಕು. ದುಬಾರಿ ಕಾಲುಚೀಲಗಳಲ್ಲಿ ಮೆರಿನೊ ಉಣ್ಣೆ ಇರುತ್ತದೆ. ಅದು ನಮ್ಮ ಹವೆಗೆ ಬೇಕಾಗಿಯೂ ಇಲ್ಲ. ಓಟಗಾರರ ಜೆಲ್, ಅಂಟುಮಿಠಾಯಿಗಳನ್ನು ಬಳಗದ ವತಿಯಿಂದ ಹಂಚುವುದಾದರೆ ಜಿಲಾಟಿನ್, ಜೇನು ಸೇರಿದೆಯೇ ಎಂದು ಓದಿ ನೋಡಬೇಕು.

ಎದೆಯ ಮೇಲೆ ಏನಿರಬೇಕು?

ಉತ್ಸಾಹದಲ್ಲಿ ಎಡವುವುದು ಇಲ್ಲಿಯೇ. ಭಗವಾನ್ ಮಹಾವೀರರ 2500ನೇ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ಎಲ್ಲ ಪಂಥಗಳೂ ಒಪ್ಪಿದ ಜೈನ ಲಾಂಛನ, ಅದರಡಿ ತತ್ತ್ವಾರ್ಥಸೂತ್ರದ ವಾಕ್ಯ, ಣಮೋಕಾರ ಮಂತ್ರ, ಬಾಹುಬಲಿ ಸ್ವಾಮಿಯ ಚಿತ್ರ ಇವನ್ನೆಲ್ಲ ಶರ್ಟಿನ ಮೇಲೆ ಹಾಕಿಸಬೇಕೆಂದು ಅನಿಸುವುದು ಸಹಜ. ಆದರೆ ಆ ಶರ್ಟ್ ಬೆವರಿನಲ್ಲಿ ನೆನೆಯುತ್ತದೆ, ಮೈಲಿಗೆ ಬಟ್ಟೆಗಳ ಬುಟ್ಟಿಗೆ ಬೀಳುತ್ತದೆ, ಹಳತಾದ ಮೇಲೆ ನೆಲ ಒರೆಸಲು ಹೋಗುತ್ತದೆ. ಪೂಜ್ಯವಾದದ್ದಕ್ಕೆ ಇದು ಅವಿನಯ. ಒಮ್ಮೆ ಮುದ್ರಿಸಿದ ಮೇಲೆ ತಡೆಯುವ ದಾರಿಯೂ ಇಲ್ಲ.

ಬದಲಿಗೆ ಊರಿನ ಮತ್ತು ಬಳಗದ ಹೆಸರು, ‘ಅಹಿಂಸೆ’ ಎಂಬ ಒಂದು ಪದ ಸಾಕು. ಪಂಚಪರಮೇಷ್ಠಿಗಳನ್ನು ಸೂಚಿಸುವ ಜೈನ ಧ್ವಜದ ಐದು ಬಣ್ಣಗಳ ಸಣ್ಣ ಪಟ್ಟಿಯನ್ನೂ ಕೆಲವರು ಒಪ್ಪಲಿಕ್ಕಿಲ್ಲ. ಆದ್ದರಿಂದ ಮುದ್ರಣಕ್ಕೆ ಕೊಡುವ ಮೊದಲೇ ಮನೆಯ ಹಿರಿಯರ ಮಾತು ಕೇಳುವುದು ಲೇಸು. ಲಾಂಛನ ಬೇಕೇಬೇಕೆಂದಾದರೆ ಕೈಯಲ್ಲಿ ಎತ್ತಿ ಹಿಡಿಯುವ ಬ್ಯಾನರಿನಲ್ಲಿರಲಿ. ಓಟ ಮುಗಿಸಿ ಅದೇ ಬಟ್ಟೆಯಲ್ಲಿ ಬಸದಿಗೆ ಹೋಗುವುದೂ ಸಲ್ಲದು. ಮನೆಗೆ ಹೋಗಿ ಸ್ನಾನ ಮಾಡಿ, ಶುದ್ಧ ವಸ್ತ್ರ ಉಟ್ಟು ಹೋಗಬೇಕು.

ಪ್ರಾಯೋಜಕರ ಹೆಸರು ಹಾಕುವುದಾದರೆ ಮದ್ಯ, ಮಾಂಸ, ಚರ್ಮದ ವ್ಯಾಪಾರದವರದು ಬೇಡ ಎಂದು ಮೊದಲೇ ನಿರ್ಣಯಿಸಬೇಕು. ಹಣ ಪಡೆದ ಮೇಲೆ ಬೇಡವೆನ್ನುವುದು ಕಷ್ಟ.

ಮುದ್ರಣ ಮತ್ತು ಅಳತೆ

ಪಾಲಿಯೆಸ್ಟರಿಗೆ ಸಬ್ಲಿಮೇಷನ್ ಮುದ್ರಣ ಉತ್ತಮ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಣ್ಣ ಆವಿಯಾಗಿ ನೂಲಿನೊಳಗೇ ಸೇರುವುದರಿಂದ ಅದು ಸಿಪ್ಪೆ ಏಳುವುದಿಲ್ಲ, ಗಾಳಿಯಾಡುವುದಕ್ಕೂ ತಡೆಯಾಗುವುದಿಲ್ಲ. ಆದರೆ ಬಟ್ಟೆ ಬಿಳಿ ಅಥವಾ ತಿಳಿ ಬಣ್ಣದ್ದಿರಬೇಕು. ಹತ್ತಿಗೆ ಸ್ಕ್ರೀನ್ ಪ್ರಿಂಟಿಂಗ್ ಸರಿ. ಎದೆಯಗಲದ ದಪ್ಪ ಮುದ್ರಣ ಮಾತ್ರ ಬೇಡ, ಅದರಡಿ ಬೆವರು ನಿಲ್ಲುತ್ತದೆ. ಕಸೂತಿ ಟೋಪಿಗೆ ಇರಲಿ, ಶರ್ಟಿನಲ್ಲಿ ಅದರ ಒಳಮೈ ಚುಚ್ಚುತ್ತದೆ.

ಬೆಳಗಿನ ಕತ್ತಲಲ್ಲಿ ರಸ್ತೆಗಿಳಿಯುವವರಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಎದೆ ಮತ್ತು ಬೆನ್ನಿನ ಮೇಲೆ ಇರಲೇಬೇಕು. ಮಾಣಿ–ಮೈಸೂರು ಹೆದ್ದಾರಿ ಪುತ್ತೂರಿನ ಮೂಲಕವೇ ಹಾದುಹೋಗುತ್ತದೆ, ವಾಹನಗಳ ವೇಗವೂ ಹೆಚ್ಚು. ಕಪ್ಪು, ಕಡುನೀಲಿ ಶರ್ಟ್ ನೋಡಲು ಚೆಂದವಾದರೂ ಚಾಲಕರ ಕಣ್ಣಿಗೆ ಬೀಳುವುದಿಲ್ಲ. ಸಾಧ್ಯವಾದರೆ ಶಾಲಾ-ಕಾಲೇಜು ಮೈದಾನದಲ್ಲಿ ಅನುಮತಿ ಪಡೆದು ಓಡುವುದು ಕ್ಷೇಮ.

ಅಳತೆಯನ್ನು ಬಾಯಿಮಾತಿನಲ್ಲಿ ಬರೆದುಕೊಳ್ಳಬಾರದು. ಮುದ್ರಕರಿಂದ ಪ್ರತಿ ಅಳತೆಯ ಒಂದೊಂದು ಮಾದರಿ ತರಿಸಿ ತೊಟ್ಟು ನೋಡಬೇಕು. ಅತ್ತೆ-ಸೊಸೆ ಇಬ್ಬರೂ ಮುಜುಗರವಿಲ್ಲದೆ ಬರುವಂತಾಗಬೇಕಾದರೆ ಉದ್ದನೆಯ, ಪೂರ್ಣ ತೋಳಿನ ಶರ್ಟಿನ ಆಯ್ಕೆಯೂ ಇರಬೇಕು. ಒಂದು ಮಾದರಿಯನ್ನು ಮೂರು ಸಲ ಒಗೆದು ಬಣ್ಣ ನಿಂತಿತೆಂದಾದ ಮೇಲೆಯೇ ಉಳಿದವಕ್ಕೆ ಮುಂಗಡ ಕೊಡಬೇಕು.

ಎಷ್ಟು ಸಾಕು?

ಪ್ರತಿ ಓಟಕ್ಕೂ ಹೊಸ ಶರ್ಟ್ ಹಂಚುವ ವಾಡಿಕೆ ಬೆಳೆದಿದೆ. ಅಪರಿಗ್ರಹ ಅಣುವ್ರತ ಪಾಲಿಸುವ ಮನೆಗೆ ಅದು ಹೊಂದುವುದಿಲ್ಲ. ಶರ್ಟಿನ ಮೇಲೆ ಇಸವಿ, ಕಾರ್ಯಕ್ರಮದ ಹೆಸರು ಹಾಕಿಸದಿದ್ದರೆ ಅದನ್ನೇ ಹಲವು ವರ್ಷ ತೊಡಬಹುದು, ಬೆಳೆದ ಮಕ್ಕಳದ್ದು ಚಿಕ್ಕವರಿಗೆ ಆಗುತ್ತದೆ. ತಲಾ ಎರಡು ಶರ್ಟ್, ಮನೆಯಿಂದಲೇ ಸೋಸಿದ ನೀರು ತರಲು ಒಂದು ಸ್ಟೀಲ್ ಬಾಟಲಿ ಇದ್ದರೆ ಬಳಗದ ಸಿದ್ಧತೆ ಮುಗಿಯಿತು.